ಸ್ಕೋಪಿಗೆ ಮೊಬೈಲ್ ಹಿಡಿದು ಹಕ್ಕಿ ಫೋಟೋ: ಝೂಮ್ ಐಪೀಸ್ ಸಾಕಾ, ಬೇರೆ ವೈಡ್ ಐಪೀಸ್ ಬೇಕಾ?

ಪಡುಕರೆ:
ದೂರದ ಹಕ್ಕಿ ನೋಡುವ ಸ್ಪಾಟಿಂಗ್ ಸ್ಕೋಪಿಗೆ ಮೊಬೈಲ್ ಕಟ್ಟಿ ಫೋಟೋ ತೆಗೆಯುತ್ತಿದ್ದೇನೆ. ಸ್ಕೋಪಿನ ಮುಂದಿನ ಗಾಜು 65 ಮಿಮೀ, ನೋಡುವ ಬದಿ 45 ಡಿಗ್ರಿ ಓರೆ. ಐಪೀಸ್, ಅಂದರೆ ಕಣ್ಣಿಡುವ ಬದಿಯ ಗಾಜಿನ ಜೋಡಣೆ, 16ರಿಂದ 48 ಪಟ್ಟು ದೊಡ್ಡದು ಮಾಡುವ ಝೂಮ್, ಬಿಚ್ಚಿ ಬದಲಿಸಲಿಕ್ಕೆ ಬರುತ್ತದೆ. ಜಾಗ ಕೋಡಿ ಬೆಂಗ್ರೆಯ ಅಳಿವೆ. ಹಕ್ಕಿಗಳು ಕಡಲ ಬದಿಯವು: ಪ್ಲವರ್, ಸ್ಯಾಂಡರ್ಲಿಂಗ್, ವಿಂಬ್ರೆಲ್, ಟರ್ನ್. ದೂರ 30ರಿಂದ 60 ಮೀಟರ್. ಮೊಬೈಲನ್ನು ಬೆಲ್ಟಿನಂಥ ಅಗ್ಗದ ಹಿಡಿಕೆಯಲ್ಲಿ ಕಟ್ಟಿ ತೆಗೆಯುವುದು. ತೊಂದರೆ ಮೂರು ಉಂಟು. 16ರಲ್ಲಿ ಪರದೆಯ ನಡುವೆ ಸಣ್ಣ ವೃತ್ತ, ಸುತ್ತ ಕಪ್ಪು. 48ರಲ್ಲಿ ಪರದೆ ತುಂಬುತ್ತದೆ, ಆದರೆ ಚಿತ್ರ ಕಪ್ಪಾಗಿ ಮಂಕಾಗುತ್ತದೆ. ನಡುವೆ ಎಲ್ಲೇ ಇಟ್ಟರೂ ಒಂದು ಬದಿಯಿಂದ ಗೇರುಬೀಜದ ಆಕಾರದ ನೆರಳು ಬರುತ್ತದೆ. 30 ಪಟ್ಟಿನ ವೈಡ್ (ಅಗಲ ನೋಟದ) ಐಪೀಸ್ ತೆಗೆದುಕೊಂಡರೆ ಮೂರೂ ಹೋಗುತ್ತದಾ?

ಮಸೂರ:
ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಮದ್ದು ನಡೆಯುವುದಿಲ್ಲ.

ಮೊದಲು ವೃತ್ತದ ವಿಷಯ. ಐಪೀಸಿನೊಳಗೆ ಕಣ್ಣಿಗೆ ಕಾಣುವ ನೋಟದ ಕೋನ ಅಂತ ಒಂದುಂಟು. ಸಾಮಾನ್ಯ ಝೂಮ್ ಐಪೀಸಿನಲ್ಲಿ ಅದು ಕಡಿಮೆ ಪಟ್ಟಿನ ತುದಿಯಲ್ಲಿ 40–45 ಡಿಗ್ರಿ, ಹೆಚ್ಚಿನ ತುದಿಯಲ್ಲಿ 60ರ ಹತ್ತಿರ. ಮೊಬೈಲಿನ ಮುಖ್ಯ ಕ್ಯಾಮರಾ ಫುಲ್ ಫ್ರೇಮ್ ಕ್ಯಾಮರಾದ 26 ಮಿಮೀ ಲೆನ್ಸಿಗೆ ಸಮ ಅಂತಾದರೆ ಅದು ಮೂಲೆಯಿಂದ ಮೂಲೆಗೆ ಸುಮಾರು 80 ಡಿಗ್ರಿ ನೋಡುತ್ತದೆ. 80 ಡಿಗ್ರಿ ನೋಡುವ ಕ್ಯಾಮರಾಕ್ಕೆ 42 ಡಿಗ್ರಿಯ ಕಿಂಡಿ ಕೊಟ್ಟರೆ ಉಳಿದದ್ದು ಕಪ್ಪೇ. 65–70 ಡಿಗ್ರಿಯ ವೈಡ್ ಐಪೀಸ್ ಹಾಕಿದರೂ 1ಎಕ್ಸ್‌ನಲ್ಲಿ ಮೂಲೆ ಕಪ್ಪಾಗಿಯೇ ಇರುತ್ತದೆ. ಮೊಬೈಲಿನಲ್ಲಿ 2ಎಕ್ಸ್ ಒತ್ತಿ. ಆಗ ಕ್ಯಾಮರಾದ ಕೋನ 45 ಡಿಗ್ರಿಗೆ ಇಳಿಯುತ್ತದೆ, ನಿಮ್ಮ ಝೂಮ್ 20 ದಾಟಿದರೆ ಪರದೆ ತುಂಬುತ್ತದೆ.

48ರ ಕತ್ತಲೆಗೆ ಕಾರಣ ಹೊರಗಿಂಡಿ, ಅಂದರೆ ಐಪೀಸಿನಿಂದ ಹೊರಬೀಳುವ ಬೆಳಕಿನ ಬಿಲ್ಲೆ. ಮುಂದಿನ ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಅದರ ಅಳತೆ. 65ನ್ನು 16ರಿಂದ ಭಾಗಿಸಿದರೆ 4 ಮಿಮೀ, 30ರಿಂದ 2.2, 48ರಿಂದ 1.35. ಮೊಬೈಲಿನ ಮಸೂರ ನಿಜ ಅಳತೆಯಲ್ಲಿ 5.6 ಮಿಮೀ, ಎಫ್/1.8 (ಈ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ) ಅಂತಿಟ್ಟುಕೊಳ್ಳಿ. ಅದರ ಬಾಯಿ 3.1 ಮಿಮೀ. ಬಿಲ್ಲೆ ಅದಕ್ಕಿಂತ ದೊಡ್ಡದಿದ್ದರೆ ಕ್ಯಾಮರಾಕ್ಕೆ ಪೂರ್ತಿ ಬೆಳಕು. ಸಣ್ಣದಾದರೆ ಬಿಲ್ಲೆಯೇ ಅಪರ್ಚರ್ (ಬೆಳಕು ಹೋಗುವ ಬಾಯಿ) ಆಗುತ್ತದೆ: 30ರಲ್ಲಿ ಎಫ್/2.6, 48ರಲ್ಲಿ ಎಫ್/4.1. 30ರಲ್ಲಿ ಸೆಕೆಂಡಿನ 500ನೇ ಒಂದು ಭಾಗ ಸಿಗುತ್ತಿದ್ದರೆ 48ರಲ್ಲಿ 200ನೇ ಒಂದು ಭಾಗ. ಅಲುಗಾಟ ಮಾತ್ರ ಒಂದೂವರೆ ಪಟ್ಟು ಜಾಸ್ತಿ. ಮಂಕಾಗುವುದು ಗಾಜಿನ ದೋಷವೇ ಆಗಬೇಕೆಂದಿಲ್ಲ, ಶಟರ್ ನಿಧಾನವಾದದ್ದೂ ಇರಬಹುದು.

ಗೇರುಬೀಜದ ನೆರಳಿಗೆ ಅಂತರ ಮತ್ತು ನಡು ತಪ್ಪಿದ್ದೇ ಕಾರಣ. ಅದನ್ನು ಹೊಸ ಐಪೀಸ್ ತನ್ನಷ್ಟಕ್ಕೆ ಸರಿಮಾಡುವುದಿಲ್ಲ.

ಗಾಳಿಮರ:
ಮಸೂರ ಅವರು ಹೇಳಿದ್ದು ಸರಿ. ಆದರೂ ಫೋಟೋಕ್ಕೆ ಸ್ಥಿರ, ಅಂದರೆ ಒಂದೇ ಪಟ್ಟಿನ, ಐಪೀಸೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಝೂಮಿನಲ್ಲಿ ಪಟ್ಟು ಬದಲಿಸಿದಂತೆ ಬಿಲ್ಲೆ ನಿಲ್ಲುವ ಜಾಗವೂ ಹಿಂದೆ ಮುಂದೆ ಹೋಗುತ್ತದೆ. 20ಕ್ಕೆ ಸರಿಯಾಗಿ ಕೂರಿಸಿದ ಮೊಬೈಲು 40ಕ್ಕೆ ಸರಿ ಬರುವುದಿಲ್ಲ. ಸ್ಥಿರ ಐಪೀಸಿನಲ್ಲಿ ಒಮ್ಮೆ ಕೂರಿಸಿದರೆ ಮುಗಿಯಿತು. ಕೋವಾ ಕಂಪನಿಯ ಟಿಇ-17ಡಬ್ಲ್ಯೂ 30 ಪಟ್ಟಿನ ವೈಡ್. ಅದರ ಹಿಂದಿನ ಗಾಜಿನಿಂದ 20 ಮಿಮೀ ದೂರದಲ್ಲಿ ಬಿಲ್ಲೆ ನಿಲ್ಲುತ್ತದೆ. ನಿಕಾನ್ ತನ್ನ ಫೀಲ್ಡ್‌ಸ್ಕೋಪಿಗೆ ಕ್ಯಾಮರಾ ಕೂರಿಸುವುದಕ್ಕೆಂದೇ ಡಿಎಸ್ ಅಂತ ಸ್ಥಿರ ಐಪೀಸುಗಳನ್ನು ಮಾಡಿತ್ತು. ಝೂಮೇ ಬೇಕೆಂದರೆ ಈಗಿನ ವೈಡ್ ಝೂಮುಗಳು, ಸ್ವರೋವ್‌ಸ್ಕಿಯ 25–50, ಕೋವಾದ 25–60, ಹಳೆಯ 20–60ಕ್ಕಿಂತ ಎಷ್ಟೋ ಮೇಲು. ಕೆಳಗಿನ ತುದಿಯಲ್ಲೂ ನೋಟ ಕಿರಿದಾಗುವುದಿಲ್ಲ.

ಒಂದು ಎಚ್ಚರಿಕೆ: ಐಪೀಸ್ ಕೂರುವ ಬಾಯಿ ಒಂದೊಂದು ಕಂಪನಿಯದ್ದು ಒಂದೊಂದು ತರ. ಅದೇ ಕಂಪನಿಯ ಸಣ್ಣ ಸ್ಕೋಪಿಗೂ ದೊಡ್ಡ ಸ್ಕೋಪಿಗೂ ಹೊಂದದೆ ಇರಬಹುದು. ಮಾದರಿ ಸಂಖ್ಯೆ ಹಿಡಿದುಕೊಂಡೇ ವಿಚಾರಿಸಿ.

ಅಳಿವೆ ಬಾಗಿಲು:
ಸ್ಥಿರ ಐಪೀಸಿನ ಗುಣ ಒಪ್ಪುತ್ತೇನೆ, ಆದರೆ ನಮ್ಮ ಕಡಲ ಬದಿಯಲ್ಲಿ ಅದು ಎಷ್ಟು ಉಪಯೋಗ ಅಂತ ಯೋಚಿಸಬೇಕು ಮಾರಾಯ್ರೆ. ಹಕ್ಕಿ ಹುಡುಕಲಿಕ್ಕೆ 16 ಬೇಕು, ಕಾಲಿನ ಬಣ್ಣ ನೋಡಲಿಕ್ಕೆ 40 ಬೇಕು. ಎರಡು ಐಪೀಸ್ ಇಟ್ಟುಕೊಂಡರೆ ಬೆಂಗ್ರೆಯ ಮರಳಿನಲ್ಲಿ ನಿಂತು ಬದಲಿಸಬೇಕಾಗುತ್ತದೆ. ಐಪೀಸ್ ತೆಗೆದ ಕ್ಷಣ ಸ್ಕೋಪಿನ ಬಾಯಿ ತೆರೆದಿರುತ್ತದೆ, ಗಾಳಿಯಲ್ಲಿ ಮರಳೂ ಉಪ್ಪೂ ಎರಡೂ ಇರುತ್ತವೆ. ನೀರು ಹೋಗದು ಅಂತ ಬರೆದ ಸ್ಕೋಪು ಸಹ ಐಪೀಸ್ ಬಿಗಿದಿದ್ದಾಗ ಮಾತ್ರ ಹಾಗೆ. ಎಲ್ಲ ಮಾದರಿಗಳಿಗೂ ಒಳಗೆ ಮುಚ್ಚುಗಾಜು ಇರುವುದಿಲ್ಲ. ಬದಲಿಸುವುದೇ ಆದರೆ ಕಾರಿನ ಒಳಗೆ ಬಾಗಿಲು ಹಾಕಿಕೊಂಡು, ಸ್ಕೋಪಿನ ಬಾಯಿ ಕೆಳಗೆ ಮಾಡಿ ಬದಲಿಸಿ.

ಪಡುಕರೆಯವರು ಇರುವ ಝೂಮನ್ನು 24–30ರ ನಡುವೆ ಒಂದು ಕಡೆ ಟೇಪಿನ ಗುರುತು ಹಾಕಿ ಸ್ಥಿರ ಐಪೀಸಿನಂತೆ ಉಪಯೋಗಿಸಲಿ. ಅದಕ್ಕೆ ಸರಿಯಾಗಿ ಮೊಬೈಲ್ ಕೂರಿಸಲಿ. ಆಮೇಲೂ ಕೊರತೆ ಕಂಡರೆ ಹಣ ಹಾಕಿದರಾಯಿತು.

ಮಸೂರ:
ಆ ಗುರುತು ಎಲ್ಲಿ ಹಾಕಬೇಕೆಂದು ಅಂದಾಜಿನಲ್ಲಿ ಹೇಳುವುದು ಬೇಡ, ಅಳೆಯಬಹುದು. ಬೇಕಾದದ್ದು ಬೆಣ್ಣೆಕಾಗದದ ತುಂಡು, ಒಂದು ವರ್ನಿಯರ್ ಕ್ಯಾಲಿಪರ್.

ಸ್ಕೋಪನ್ನು ಬೆಳಗಿನ ಆಕಾಶಕ್ಕೆ ತಿರುಗಿಸಿ, ಸೂರ್ಯನ ಕಡೆಗೆ ಮಾತ್ರ ಬೇಡ. ಐಪೀಸಿನ ರಬ್ಬರ್ ಕಪ್ಪನ್ನು (ಕಣ್ಣಿಗೆ ತಾಗುವ ಬಟ್ಟಲು) ಪೂರ್ತಿ ಕೆಳಗಿಳಿಸಿ. ಕಾಗದವನ್ನು ಗಾಜಿಗೆ ಹತ್ತಿರ ಹಿಡಿದು ನಿಧಾನ ಹಿಂದೆ ತನ್ನಿ. ಬೆಳಕಿನ ಚುಕ್ಕೆ ಒಂದು ಕಡೆ ಅತಿ ಚಿಕ್ಕದಾಗಿ, ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಗಾಜಿನಿಂದ ಅಲ್ಲಿಗಿರುವ ದೂರವನ್ನೂ ಚುಕ್ಕೆಯ ವ್ಯಾಸವನ್ನೂ ಅಳೆದು ಬರೆದುಕೊಳ್ಳಿ. ಕ್ಯಾಲಿಪರಿನ ತುದಿ ಗಾಜಿಗೆ ತಾಗಬಾರದು. ರಬ್ಬರ್ ಕಪ್ಪಿನ ಅಂಚಿನಿಂದ ಅಳೆದು, ಗಾಜು ಎಷ್ಟು ಒಳಗಿದೆ ಅಂತ ಕೂಡಿಸಿ. ಇದನ್ನು 16, 24, 32, 48ರಲ್ಲಿ ಮಾಡಿ.

ಮೊಬೈಲಿನ ಮಸೂರದ ಬಾಯಿ ಆ ಬಿಲ್ಲೆಯ ಮೇಲೆ ಬಂದು ಕೂರಬೇಕು. ಅದು ಹೊರಗಿನ ಗಾಜಿಗಿಂತ ಕೆಲವು ಮಿಮೀ ಒಳಗಿರುತ್ತದೆ, ಹಾಗಾಗಿ ಅಳತೆಗಿಂತ ಸ್ವಲ್ಪ ಹತ್ತಿರ ಕೂರಿಸಿ. ಸರಿಯಾಯಿತಾ ಅಂತ ನೋಡಲಿಕ್ಕೆ 1ಎಕ್ಸ್‌ನಲ್ಲಿ ಇಟ್ಟು ಆಕಾಶ ನೋಡಿ. ದೂರ ಹೆಚ್ಚಾದರೆ ವೃತ್ತ ಕುಗ್ಗುತ್ತದೆ, ಅಂಚು ಮಬ್ಬಾಗುತ್ತದೆ. ತೀರಾ ಹತ್ತಿರವಾದರೆ ಬದಿಯಿಂದ ಕಪ್ಪು ನೆರಳು ಈಜಿ ಬರುತ್ತದೆ. ಸರಿಯಾದ ಜಾಗದಲ್ಲಿ ವೃತ್ತ ಅತಿ ದೊಡ್ಡದು, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ರಬ್ಬರ್ ಕಪ್ಪಿನ ಮೇಲೆ 1 ಮಿಮೀ ದಪ್ಪದ ಇವಿಎ (ಮೆತ್ತನೆಯ ಫೋಮ್) ಹಾಳೆಯ ಉಂಗುರಗಳನ್ನು ಒಂದೊಂದಾಗಿ ಇಟ್ಟು ಆ ಜಾಗ ಹಿಡಿಯಬಹುದು.

ಕುದ್ರು:
ಅಣ್ಣ, ಒಂದು ಪ್ರಶ್ನೆ. ಪಟ್ಟು ಹೆಚ್ಚಿದ್ದಷ್ಟೂ ಗರಿಯ ಗೆರೆ ಹೆಚ್ಚು ಕಾಣಬೇಕಲ್ಲ? 48 ಇರುವಾಗ 24ರಲ್ಲಿ ನಿಲ್ಲಿಸುವುದು ಯಾಕೆ?

ಮಸೂರ:
40 ಮೀಟರಿನಲ್ಲಿ 20 ಸೆಂಟಿಮೀಟರಿನ ಪ್ಲವರ್ ಒಂದನ್ನು ಲೆಕ್ಕಕ್ಕೆ ಹಿಡಿಯುವ. 30 ಪಟ್ಟು, 26 ಮಿಮೀ ಕ್ಯಾಮರಾ: ಗುಣಿಸಿದರೆ 780 ಮಿಮೀ ಲೆನ್ಸಿಗೆ ಸಮ. ಚಿತ್ರದ ಅಗಲ ಸುಮಾರು 1.8 ಮೀಟರ್. 12 ಮೆಗಾಪಿಕ್ಸೆಲಿನಲ್ಲಿ ಅಡ್ಡಕ್ಕೆ 4000 ಪಿಕ್ಸೆಲ್, ಅಂದರೆ ಹಕ್ಕಿಯ ಮೇಲೆ ಒಂದು ಪಿಕ್ಸೆಲ್ 0.45 ಮಿಮೀ, ಹಕ್ಕಿ ಅಡ್ಡಕ್ಕೆ 440 ಪಿಕ್ಸೆಲ್ ಆಗುತ್ತದೆ. 48ರಲ್ಲಿ ಒಂದು ಪಿಕ್ಸೆಲ್ 0.28 ಮಿಮೀ. 65 ಮಿಮೀ ಗಾಜು ಆ ದೂರದಲ್ಲಿ ಬಿಡಿಸಿ ತೋರಿಸಬಲ್ಲದ್ದು 0.35 ಮಿಮೀ. ಒಂದು ಗೆರೆ ಬಿಡಿಸಲಿಕ್ಕೆ ಎರಡು ಪಿಕ್ಸೆಲ್ ಬೇಕು, ಆದ್ದರಿಂದ ಕಾಗದದ ಮೇಲೆ 48ರಲ್ಲಿ ಲಾಭ ಉಂಟೇ ಉಂಟು. ಬೆಳಕು ಒಳ್ಳೆಯದಿದ್ದು, ಹಕ್ಕಿ ನಿಂತಿದ್ದು, ಗಾಳಿ ತಣ್ಣಗಿದ್ದರೆ 40ರವರೆಗೆ ಏರಿಸಿ ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ 24–30ರ ಚಿತ್ರವೇ ಗೆಲ್ಲುತ್ತದೆ.

ಅಳಿವೆ ಬಾಗಿಲು:
ಆ ಮೂರರಲ್ಲಿ ನಮಗೆ ಮೊದಲು ಕೈಕೊಡುವುದು ಗಾಳಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಐಪೀಸ್ ಸರಿಯಿಲ್ಲ ಅಂತ ದೂರುವವರಲ್ಲಿ ತುಂಬ ಜನರಿಗೆ ತೊಂದರೆ ಇರುವುದು ಇಲ್ಲಿ.

ಒಣ ಮರಳು ಬಿಸಿಲಿಗೆ ಬೇಗ ಕಾಯುತ್ತದೆ, ಒದ್ದೆ ಮರಳು ನಿಧಾನ. ಕಾದ ಮರಳಿನ ಮೇಲಿನ ಒಂದೆರಡು ಅಡಿ ಗಾಳಿ ಕುದಿಯುವ ನೀರಿನ ಹಾಗೆ ಅಲೆಯುತ್ತದೆ. ಸ್ಕೋಪು ಅದರ ಮೂಲಕವೇ ನೋಡಬೇಕು. ಮಲ್ಪೆ, ಪಡುಬಿದ್ರಿ, ತಣ್ಣೀರುಬಾವಿ ಎಲ್ಲ ಕಡೆ ಬಿಸಿಲಿದ್ದ ದಿನ ಒಂಬತ್ತು ಗಂಟೆ ಕಳೆದ ಮೇಲೆ 50 ಮೀಟರಿನ ಆಚೆಯ ಫೋಟೋ ಮೆತ್ತಗಾಗಲಿಕ್ಕೆ ಶುರು. ಅದನ್ನು ಯಾವ ಐಪೀಸೂ ಸರಿಮಾಡದು. ಪಟ್ಟು ಏರಿಸಿದರೆ ಅಲೆಯೂ ದೊಡ್ಡದಾಗುತ್ತದೆ. ಪರೀಕ್ಷೆ ಸುಲಭ: ದೂರದ ದೋಣಿಯ ಮೇಲಿನ ಅಕ್ಷರ ನೋಡಿ, ಅಂಚು ಕುಣಿಯುತ್ತಿದ್ದರೆ ಪಟ್ಟು ಇಳಿಸಿ, ಹಕ್ಕಿಯೇ ಹತ್ತಿರ ಬರುವ ಹಾಗೆ ಮಾಡಿಕೊಳ್ಳಿ.

ಇನ್ನು ಬೆಳಕಿನ ದಿಕ್ಕು. ನಮ್ಮ ಕಡಲು ಪಡುವಣದಲ್ಲಿ. ಬೆಳಿಗ್ಗೆ ದಡದಲ್ಲಿ ನಿಂತು ಕಡಲ ಕಡೆ ನೋಡಿದರೆ ಸೂರ್ಯ ಬೆನ್ನಿಗೆ, ಹಕ್ಕಿಯ ಮೇಲೆ ಪೂರ್ತಿ ಬೆಳಕು. ಮಧ್ಯಾಹ್ನದ ಮೇಲೆ ಅದೇ ಜಾಗದಲ್ಲಿ ಬೆಳಕು ಎದುರು. ಹಕ್ಕಿ ಕಪ್ಪು ನೆರಳು, ಐಪೀಸಿನೊಳಗೆ ಬಿಳಿ ಮಂಜು. ಕೋಡಿ ಬೆಂಗ್ರೆಯ ಗುಣ ಏನೆಂದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಸಂಜೆ ಕಡಲಿಗೆ ಬೆನ್ನು ಹಾಕಿ ಹೊಳೆಯ ಬದಿ ನೋಡಿ. ಇಳಿಹೊತ್ತಿನಲ್ಲಿ ಸ್ಕೋಪನ್ನು ಪಡುವಣಕ್ಕೆ ತಿರುಗಿಸಿ ಸೂರ್ಯನನ್ನು ಹಿಡಿಯಲೇಬೇಡಿ; ಕಣ್ಣಿಗೂ ಅಪಾಯ, ಮೊಬೈಲಿನ ಸೆನ್ಸರಿಗೂ.

ಪಡುಕರೆ:
ಬೆಣ್ಣೆಕಾಗದದಲ್ಲಿ ಅಳೆದೆ. 16ರಲ್ಲಿ ಗಾಜಿನಿಂದ 18 ಮಿಮೀ, 24ರಲ್ಲಿ 16, 32ರಲ್ಲಿ 15, 48ರಲ್ಲಿ 15. ಬೆಲ್ಟಿನ ಹಿಡಿಕೆ ಮೊಬೈಲನ್ನು 22 ಮಿಮೀ ದೂರದಲ್ಲಿ ನಿಲ್ಲಿಸುತ್ತಿತ್ತು, ಜೊತೆಗೆ ಭಾರಕ್ಕೆ ಕೆಳಗೆ ಜಗ್ಗುತ್ತಿತ್ತು. ಹಿಡಿಕೆ ಹೊಸದು ಮಾಡಿಸಬೇಕು. ಮಂಗಳೂರಲ್ಲಿ 3ಡಿ ಪ್ರಿಂಟ್ ಮಾಡಿಕೊಡುವವರಿಗೆ ಅಳತೆ ಹೇಗೆ ಕೊಡಲಿ?

ತೊಟ್ಟಂ:
ನೋಡಿ, ಮೊದಲು ನಿಮ್ಮ ಝೂಮನ್ನು ತಿರುಗಿಸಿ ರಬ್ಬರ್ ಕಪ್ಪೂ ಜೊತೆಗೆ ತಿರುಗುತ್ತದಾ ಅಂತ ಪರೀಕ್ಷಿಸಿ. ತಿರುಗುವುದಾದರೆ ಪ್ರಿಂಟ್ ಮಾಡಿಸುವ ಹಿಡಿಕೆಯ ಉಂಗುರವನ್ನು ಅದರ ಮೇಲೆ ಬಿಗಿಯುವ ಹಾಗಿಲ್ಲ, ಪಟ್ಟು ಬದಲಿಸಿದಾಗ ಮೊಬೈಲೇ ವಾರೆಯಾಗುತ್ತದೆ. ಅಂಥದ್ದಕ್ಕೆ ಝೂಮ್ ಬಳೆಯ ಕೆಳಗಿನ ತಿರುಗದ ಭಾಗ ಹಿಡಿಯುವ ಉದ್ದ ಕೊಳವೆ ಬೇಕು.

ಕಪ್ಪಿನ ಹೊರವ್ಯಾಸವನ್ನು ಮೂರು ಕಡೆ ಅಳೆಯಿರಿ. ರಬ್ಬರ್ ಮೆತ್ತಗಿರುವುದರಿಂದ ಕ್ಯಾಲಿಪರ್ ಒತ್ತಬೇಡಿ. 53.0 ಬಂದರೆ ಉಂಗುರದ ಒಳವ್ಯಾಸ 53.4 ಇಡಿಸಿ, ಒಳಗೆ ತೆಳು ವೆಲ್ವೆಟ್ ಟೇಪು ಅಂಟಿಸುವುದಾದರೆ ಟೇಪಿನ ದಪ್ಪದ ಎರಡರಷ್ಟು ಮತ್ತೆ ಕೂಡಿಸಿ. ಉಂಗುರದ ಆಳ 20 ಮಿಮೀಗಿಂತ ಕಡಿಮೆ ಬೇಡ, ಕಡಿಮೆಯಾದರೆ ಮೊಬೈಲು ಮೂಗು ಬಗ್ಗಿಸುತ್ತದೆ. ಒಂದು ಬದಿ ಸೀಳು ಬಿಟ್ಟು ಎಂ4 ಬೋಲ್ಟು, ರೆಕ್ಕೆ ನಟ್ಟು ಹಾಕಿ ಬಿಗಿಯುವಂತಿರಲಿ. ಮೊಬೈಲಿನ ಬದಿಗೆ ಖಾಲಿ ತಗಡಲ್ಲ, ನಿಮ್ಮ ಮೊಬೈಲಿನದ್ದೇ ಒಂದು ಗಟ್ಟಿ ಕವರ್ ತಂದು ಉಂಗುರವನ್ನು ಅದಕ್ಕೆ ಎಪಾಕ್ಸಿಯಲ್ಲಿ ಅಂಟಿಸಿ. ಮೊಬೈಲನ್ನು ಕವರಿಗೆ ಒತ್ತಿದರೆ ಪ್ರತಿಸಲ ಅದೇ ಜಾಗದಲ್ಲಿ ಕೂರುತ್ತದೆ. ಎಪಾಕ್ಸಿ ಒಣಗುವ ಮೊದಲು ಕ್ಯಾಮರಾ ಆನ್ ಮಾಡಿ, ವೃತ್ತ ಪರದೆಯ ನಟ್ಟ ನಡುವೆ ಬರುವ ಹಾಗೆ ಸರಿಸಿ, ಟೇಪು ಹಾಕಿ 24 ಗಂಟೆ ಬಿಡಿ. ನಡು 1 ಮಿಮೀ ತಪ್ಪಿದರೂ ಒಂದು ಬದಿ ಕಪ್ಪಾಗಬಹುದು.

ವಸ್ತು ಪಿಎಲ್‌ಎ ಬೇಡ. ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಆ ಪ್ಲಾಸ್ಟಿಕ್ 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ಉಂಗುರ ಮೊಟ್ಟೆಯಾಕಾರ ಆಗುತ್ತದೆ. ಪಿಇಟಿಜಿ ಸಾಕು, ಎಎಸ್‌ಎ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಣ್ಣ ಕಪ್ಪು, ಒಳಮೈ ಹೊಳೆಯಬಾರದು.

ಕುದ್ರು:
2ಎಕ್ಸ್ ಒತ್ತಿದರೆ ನನ್ನ ಮೊಬೈಲಿನಲ್ಲಿ ಒಮ್ಮೊಮ್ಮೆ ಪೂರ್ತಿ ಕಪ್ಪಾಗುತ್ತದೆ.

ಗಾಳಿಮರ:
ಅದು ಬೇರೆ ಮಸೂರಕ್ಕೆ ಹಾರುತ್ತಿದೆ. ಮೂರು ಮಸೂರದ ಮೊಬೈಲಿನಲ್ಲಿ ಇದು ಸಾಮಾನ್ಯ. 2ಎಕ್ಸ್‌ನಲ್ಲಿಟ್ಟು ಮುಖ್ಯ ಮಸೂರವನ್ನು ಬೆರಳಲ್ಲಿ ಮುಚ್ಚಿ. ಪರದೆ ಕತ್ತಲಾದರೆ 2ಎಕ್ಸ್ ಬರುತ್ತಿರುವುದು ಮುಖ್ಯ ಸೆನ್ಸರಿನ ನಡುಭಾಗದಿಂದ, ನಮಗೆ ಬೇಕಾದದ್ದು ಅದೇ. ಕತ್ತಲಾಗದಿದ್ದರೆ ಅದು ಟೆಲಿ ಮಸೂರ. ಆಗ 1ಎಕ್ಸ್‌ನಲ್ಲೇ ತೆಗೆದು ಆಮೇಲೆ ಕತ್ತರಿಸಿ. ಐಫೋನ್ 13 ಪ್ರೋ ಮತ್ತು ಅದರ ನಂತರದ ಪ್ರೋಗಳಲ್ಲಿ ಹತ್ತಿರದ ವಸ್ತು ಕಂಡ ಕೂಡಲೇ ಮ್ಯಾಕ್ರೋಗೆ ಹಾರುವ ಅಭ್ಯಾಸ ಉಂಟು, ಸೆಟ್ಟಿಂಗಿನಲ್ಲಿ ಮ್ಯಾಕ್ರೋ ಕಂಟ್ರೋಲ್ ಆನ್ ಮಾಡಿಟ್ಟು ಹೂವಿನ ಗುರುತು ಒತ್ತಿ ನಿಲ್ಲಿಸಬೇಕು.

ಉಳಿದದ್ದು ಹೀಗೆ. ಪ್ರೋ ಮೋಡಿನಲ್ಲಿ ಮೊಬೈಲಿನ ಫೋಕಸನ್ನು ಅನಂತಕ್ಕೆ ಇಟ್ಟು, ಚಿತ್ರ ಸ್ಪಷ್ಟ ಮಾಡುವುದು ಸ್ಕೋಪಿನ ಫೋಕಸ್ ಚಕ್ರದಲ್ಲಿ ಮಾತ್ರ. ಕನ್ನಡಕ ಹಾಕುವವರು ಕಣ್ಣಲ್ಲಿ ನೋಡಿ ಮಾಡಿದ ಫೋಕಸನ್ನು ನಂಬಬಾರದು, ಪರದೆಯಲ್ಲಿ ಹಕ್ಕಿಯ ಕಣ್ಣು ನೋಡಿ ಮತ್ತೆ ತಿರುಗಿಸಿ. ಎಚ್‌ಡಿಆರ್, ನೈಟ್ ಮೋಡ್ ಆಫ್. ಹಲವು ಚಿತ್ರ ಸೇರಿಸುವಾಗ ನಡೆಯುವ ಹಕ್ಕಿಗೆ ಆರು ಕಾಲು ಬರುತ್ತದೆ. ನಿಂತ ಹಕ್ಕಿಗೆ ಸೆಕೆಂಡಿನ 250ನೇ ಒಂದು ಭಾಗ, ಓಡುವ ಸ್ಯಾಂಡರ್ಲಿಂಗಿಗೆ 1000ದ ಹತ್ತಿರ. ಬೆಳ್ಳಕ್ಕಿ, ಟರ್ನ್ ಇದ್ದರೆ ಎಕ್ಸ್‌ಪೋಶರ್ 0.7 ಕಡಿಮೆ ಮಾಡಿ, ಇಲ್ಲದಿದ್ದರೆ ಬಿಳಿ ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಪರದೆ ಮುಟ್ಟಬೇಡಿ, ಬ್ಲೂಟೂತ್ ಗುಂಡಿ ಅಥವಾ ತಂತಿಯ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಸಾಕು.

ಮಸೂರ:
ಮಿರರ್‌ಲೆಸ್ ಕ್ಯಾಮರಾ (ಲೆನ್ಸು ಬದಲಿಸಬಹುದಾದದ್ದು) ಕೂರಿಸುವ ಯೋಚನೆ ಇರುವವರಿಗೆ ಎರಡು ಮಾತು. ಅವುಗಳ ಮಸೂರದ ಬಾಯಿ ಮೊಬೈಲಿನದ್ದಕ್ಕಿಂತ ಎಷ್ಟೋ ಆಳದಲ್ಲಿರುತ್ತದೆ, ಆದ್ದರಿಂದ ಬಿಲ್ಲೆ ಐಪೀಸಿನ ಗಾಜಿನಿಂದ 15 ಮಿಮೀ ಹಿಂದೆ ನಿಂತರೆ ಸಾಲದು, 20 ಬೇಕು. ಚಪ್ಪಟೆ ಸ್ಥಿರ ಲೆನ್ಸು ಒಳ್ಳೆಯದು. ಮೈಕ್ರೋ ಫೋರ್ ಥರ್ಡ್ಸ್ (ಸಣ್ಣ ಸೆನ್ಸರಿನ ಒಂದು ಮಾದರಿ) ಕ್ಯಾಮರಾದಲ್ಲಿ 20 ಮಿಮೀ ಎಫ್/1.7 ತರದ್ದು. ಅಪರ್ಚರ್ ಪೂರ್ತಿ ತೆರೆದಿಡಿ. 30 ಪಟ್ಟಿಗೆ 65 ಮಿಮೀ ಸ್ಕೋಪಿನಲ್ಲಿ ನಿಜವಾದ ಅಪರ್ಚರ್ ಹೇಗೂ ಎಫ್/9 ಆಗಿರುತ್ತದೆ, ಲೆನ್ಸನ್ನು ಮುಚ್ಚಿದರೆ ಮೂಲೆ ಕಪ್ಪಾಗುವುದು ಮಾತ್ರ ಲಾಭ. ಫೋಕಸ್ ಮಾಡುವಾಗ ಮುಂದೆ ಬರುವ ಲೆನ್ಸಿಗೆ 2–3 ಮಿಮೀ ಜಾಗ ಬಿಡಿ, ಐಪೀಸಿಗೆ ಬಡಿಯುತ್ತದೆ. 2000–2002ರ ನಿಕಾನ್ ಕೂಲ್‌ಪಿಕ್ಸ್ 990, 995, 4500 ಕ್ಯಾಮರಾಗಳು ಈ ಕೆಲಸಕ್ಕೆ ಅಷ್ಟು ಹೆಸರಾದದ್ದು ಇದಕ್ಕೇ: ಝೂಮ್ ಎಲ್ಲ ಒಳಗೇ ನಡೆಯುತ್ತಿತ್ತು, ಮುಂದೆ 28 ಮಿಮೀ ಮರೆ (ತಿರುಪಿನ ಸುತ್ತು) ಇತ್ತು, ಐಪೀಸಿಗೆ ನೇರ ತಿರುಗಿಸಿ ಕೂರಿಸಬಹುದಿತ್ತು.

ಆಕಾಶ ನೋಡುವ ದೂರದರ್ಶಕದ 31.7 ಮಿಮೀ ಐಪೀಸ್ ಹಿಡಿಯುವ ಸ್ಕೋಪುಗಳೂ ಉಂಟು. ಅಂಥದ್ದಿದ್ದರೆ ಬಾಡರ್ ಕಂಪನಿಯ ಹೈಪೀರಿಯನ್ ಐಪೀಸ್ ಸರಣಿ ನೋಡಿ. ನೋಟ 68 ಡಿಗ್ರಿ, ಬಿಲ್ಲೆ 20 ಮಿಮೀ ಹಿಂದೆ, ರಬ್ಬರ್ ಕಪ್ಪಿನ ಕೆಳಗೆ ಎಂ43 (43 ಮಿಮೀ) ಮರೆ. ಸ್ಟೆಪ್ ರಿಂಗ್ (ಬೇರೆ ಅಳತೆಯ ಮರೆಗಳನ್ನು ಜೋಡಿಸುವ ಬಳೆ) ಹಾಕಿ ಲೆನ್ಸನ್ನೇ ತಿರುಗಿಸಬಹುದು. ಸ್ಕೋಪಿನ ಸಂಗಮ ದೂರ (ಫೋಕಲ್ ಲೆಂತ್) 384 ಮಿಮೀ ಇದ್ದರೆ 13 ಮಿಮೀ ಐಪೀಸಿನಲ್ಲಿ 29.5 ಪಟ್ಟು. ಕೊಳ್ಳುವ ಮೊದಲು ಅನಂತಕ್ಕೆ ಫೋಕಸ್ ಬರುತ್ತದಾ ಅಂತ ಕೂರಿಸಿಯೇ ನೋಡಬೇಕು. ಮಳೆಗಾಲಕ್ಕೆ ಅವು ಆಗುವುದಿಲ್ಲ, ನೀರು ತಡೆಯುವ ಕಟ್ಟು ಇರುವುದಿಲ್ಲ.

ತೊಟ್ಟಂ:
ಮಳೆಗಾಲದ ಮಾತು ಬಂತಲ್ಲ, ಫಂಗಸ್ಸಿನ ಬಗ್ಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಐಪೀಸನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಕಪಾಟಿನೊಳಗೆ ಇಟ್ಟರೆ ಗಾಜಿನ ಮೇಲೆ ಜೇಡನ ಬಲೆಯಂಥ ಗೆರೆ ಬರುತ್ತದೆ, ಒಮ್ಮೆ ಲೇಪವನ್ನು ತಿಂದರೆ ಒರೆಸಿ ಹೋಗುವುದಿಲ್ಲ. ರಬ್ಬರ್ ಅಂಚಿನ ಡಬ್ಬಿ, ಒಳಗೆ 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. 40–50 ಶೇಕಡಾದಲ್ಲಿ ನಿಲ್ಲಲಿ. ಅಕ್ಕಿ ಹಾಕುವುದು ಬೇಡ, ಅದರ ಹುಡಿ ಝೂಮ್ ಬಳೆಯೊಳಗೆ ಹೋಗುತ್ತದೆ. ಕಡಲಿಂದ ಬಂದ ಮೇಲೆ ಮೊದಲು ಊದುಬುರುಡೆಯಲ್ಲಿ ಮರಳು ಹಾರಿಸಿ, ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ತೋಯಿಸಿ ಹಿಂಡಿದ ಮೃದು ಬಟ್ಟೆಯಿಂದ ಉಪ್ಪು ತೆಗೆಯಿರಿ. ಒಣ ಬಟ್ಟೆ ಮೊದಲು ತಾಗಿಸಿದರೆ ಉಪ್ಪಿನ ಹರಳೇ ಗೀರು ಹಾಕುತ್ತದೆ. ಎಸಿ ಕಾರಿನಿಂದ ಇಳಿಸಿದ ಸ್ಕೋಪನ್ನು ಚೀಲದಲ್ಲೇ ಅರ್ಧ ಗಂಟೆ ಬಿಡಿ, ಕೂಡಲೇ ತೆಗೆದರೆ ಗಾಜೆಲ್ಲ ಬೆವರುತ್ತದೆ.

ಪಡುಕರೆ:
ಉಂಗುರ ಬಂತು. ಝೂಮ್ 26ರಲ್ಲಿ ಗುರುತು, ಮೊಬೈಲು 2ಎಕ್ಸ್. ನೆರಳು ಹೋಯಿತು, ಮೂಲೆ ತುಂಬಿತು. 40 ಮೀಟರಿನಲ್ಲಿ ಪ್ಲವರಿನ ಕಣ್ಣಿನ ಸುತ್ತಿನ ಉಂಗುರ ಬಿಡಿಸಿ ಕಾಣುತ್ತದೆ. ಗಾಳಿ ಬೀಸಿದಾಗ ಮಾತ್ರ ಹತ್ತರಲ್ಲಿ ಏಳು ಚಿತ್ರ ಅಲುಗಾಡಿದ್ದು. ಟ್ರೈಪಾಡಿನ ನಡುಕಂಬ ಒಂದಡಿ ಮೇಲಿತ್ತು.

ಅಳಿವೆ ಬಾಗಿಲು:
ಕಂಬ ಪೂರ್ತಿ ಕೆಳಗಿಳಿಸಿ. ತೆಳುವಾದ ಕೊನೆಯ ಕಾಲನ್ನು ಎಳೆಯಬೇಡಿ. ಮರಳಿನಲ್ಲಿ ಕೂತೇ ತೆಗೆಯಿರಿ, ಸ್ಕೋಪು ಓರೆಯದ್ದಾದ್ದರಿಂದ ಕುತ್ತಿಗೆಗೆ ಸುಖ, ಹಕ್ಕಿಯ ಕಣ್ಣಿನ ಮಟ್ಟಕ್ಕೂ ಬರುತ್ತದೆ. ಕಾಲುಗಳನ್ನು ಒಂದು ಗೇಣು ಮರಳಿಗೆ ಒತ್ತಿ, ಕೊಂಡಿಗೆ ಚೀಲ ನೇತು ಹಾಕಿ ಅದರ ಬುಡ ನೆಲಕ್ಕೆ ತಾಗಿರಲಿ, ತೂಗಾಡಬಾರದು. ಮೊಬೈಲು ಕೂರಿಸಿದ ಮೇಲೆ ಹಿಂಬದಿ ಭಾರ ಜಾಸ್ತಿ, ಸ್ಕೋಪಿನ ಪ್ಲೇಟನ್ನು ಮುಂದೆ ಸರಿಸಿ ತೂಕ ಸಮ ಮಾಡಿ.

ಮತ್ತೆ ಉಬ್ಬರದ ಪಟ್ಟಿ ನೋಡಿಕೊಂಡು ಹೋಗಿ. ಇಳಿತದಲ್ಲಿ ಹಕ್ಕಿಗಳು ಕೆಸರಿನಲ್ಲಿ ಚದುರಿ ದೂರ ಇರುತ್ತವೆ. ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ ಉಬ್ಬರ ತುಂಬುವ ದಿನ ಆರೂವರೆಗೇ ಹೋಗಿ ಒಂದು ಕಡೆ ಕೂತುಬಿಡಿ. ನೀರು ಏರಿದ ಹಾಗೆ ಅವೇ ನಿಮ್ಮ ಕಡೆ ಸರಿಯುತ್ತವೆ, ನೀವು ಅವುಗಳ ಹಿಂದೆ ನಡೆಯಬೇಕಾಗಿಲ್ಲ. ಗುಂಪಿನಲ್ಲಿ ಎರಡು ಮೂರು ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ಅಲ್ಲೇ ನಿಲ್ಲಿ, ಹಿಂದೆ ಸರಿಯಿರಿ. ಎಬ್ಬಿಸಿದ ಗುಂಪು ಆ ಉಬ್ಬರ ಮುಗಿಯುವವರೆಗೆ ಹತ್ತಿರ ಬರುವುದಿಲ್ಲ, ಅವುಗಳ ವಿಶ್ರಾಂತಿಯೂ ಹಾಳು.

ಪಡುಕರೆ:
ಆಗಲಿ ಅಣ್ಣ. ಕಂಬ ಇಳಿಸಿ, ಕೂತು, 26ರಲ್ಲಿ ಒಂದು ಸಾಲು, 36ರಲ್ಲಿ ಒಂದು ಸಾಲು ತೆಗೆದು ಇಲ್ಲೇ ಹಾಕುತ್ತೇನೆ. ದೂರ ಮತ್ತು ಗಂಟೆ ಬರೆದೇ ಹಾಕುತ್ತೇನೆ.